ಸುಣ್ಣ ಕಟ್ಟಿದ ಹುಳು, ಕೊಡೆ ಬಿಚ್ಚಿದ ಹುತ್ತ

ಕಳೆದ ಮುಂಗಾರಿನಲ್ಲಿ ಬೆಂಗಳೂರಿನಿಂದ ಮೊಮ್ಮಗಳು ಕೈವಾರಕ್ಕೆ ಬಂದಿದ್ದಳು. ಆರನೇ ಕ್ಲಾಸು ಓದುವ ಹುಡುಗಿ. ಹಿಂದಿನ ರಾತ್ರಿ ಒಳ್ಳೇ ಮಳೆ ಬಿದ್ದಿತ್ತು. ಬೆಳಿಗ್ಗೆ ಬೆಟ್ಟದ ಕಡೆ ಇಬ್ಬರೂ ಸುತ್ತಾಡಲು ಹೋದೆವು. ದಾರಿ ಪಕ್ಕದ ಹುತ್ತದ ಬುಡದಲ್ಲಿ ಹತ್ತಿಪ್ಪತ್ತು ಬಿಳಿ ಕೊಡೆಗಳು ಬಿಚ್ಚಿ ನಿಂತಿದ್ದವು.

"ತಾತ, ನಿನ್ನೆ ಸಂಜೆ ಇಲ್ಲೇ ಬಂದಿದ್ವಲ್ಲ, ಆಗ ಏನೂ ಇರಲಿಲ್ಲ. ಒಂದೇ ರಾತ್ರೀಲಿ ಇಷ್ಟು ದೊಡ್ಡ ಗಿಡ ಹೇಗೆ ಬೆಳೀತು?"

"ಅದು ಗಿಡ ಅಲ್ಲಮ್ಮ, ಅಣಬೆ."

"ಗಿಡ ಅಲ್ಲದಿದ್ರೆ ಪ್ರಾಣಿನಾ?"

"ಅದೂ ಅಲ್ಲ."

"ಒಳ್ಳೇದಾ, ಕೆಟ್ಟದ್ದಾ?"

ಮೊದಲ ಎರಡು ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಮೂರನೆಯದಕ್ಕೆ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನಲ್ಲಿ ಗುಮಾಸ್ತೆಗಿರಿ. ಅಣಬೆಯ ಬಂಧುಬಳಗದ ಪರಿಚಯ ನನಗೆ ಮೊದಲು ಆದದ್ದು ವಿಜ್ಞಾನದ ಪುಸ್ತಕದಿಂದಲ್ಲ, ಸಾಲದ ಲೆಡ್ಜರಿನಿಂದ. ಆ ಕಥೆ ಮುಂದೆ ಹೇಳುತ್ತೇನೆ. ಮೊದಲು ಅವಳ ಮೊದಲ ಎರಡು ಪ್ರಶ್ನೆಗಳನ್ನು ನೋಡೋಣ.

ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ

ಗಿಡಕ್ಕೆ ಹಸಿರು ಬಣ್ಣ ಕೊಡುವುದು ಪತ್ರಹರಿತ್ತು. ಅದರ ಸಹಾಯದಿಂದ ಗಿಡ ಬಿಸಿಲು, ನೀರು, ಗಾಳಿ ಸೇರಿಸಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಅಣಬೆಗೆ ಪತ್ರಹರಿತ್ತು ಇಲ್ಲ. ನಮ್ಮ ಹಾಗೆ ಅದೂ ಬೇರೆಯವರು ಮಾಡಿಟ್ಟದ್ದನ್ನೇ ಉಣ್ಣಬೇಕು. ಆದರೆ ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ನಾವು ಮೊದಲು ನುಂಗಿ ಆಮೇಲೆ ಜೀರ್ಣ ಮಾಡುತ್ತೇವೆ. ಅದು ಮೊದಲು ಜೀರ್ಣ ಮಾಡಿ ಆಮೇಲೆ ಹೀರುತ್ತದೆ. ಜೀರ್ಣರಸವನ್ನು ಹೊರಗೆ ಸುರಿಸಿ, ಎದುರಿಗಿದ್ದ ಎಲೆಯನ್ನೋ ಕಟ್ಟಿಗೆಯನ್ನೋ ಕರಗಿಸಿ, ಆ ರಸವನ್ನು ಎಳೆದುಕೊಳ್ಳುತ್ತದೆ.

ಅಣಬೆ, ಹಳಸಿದ ಬ್ರೆಡ್ಡಿನ ಮೇಲಿನ ಬೂಷ್ಟು, ಬ್ರೆಡ್ಡನ್ನು ಉಬ್ಬಿಸುವ ಯೀಸ್ಟು, ಎಲೆಗೆ ಬರುವ ಬೂದಿ ರೋಗ, ತುಕ್ಕು ರೋಗ ಇವೆಲ್ಲ ಒಂದೇ ಮನೆತನ. ಶಾಲೆಯ ಪುಸ್ತಕದಲ್ಲಿ ಈ ಮನೆತನಕ್ಕೆ ಶಿಲೀಂಧ್ರ ಎಂದು ಹೆಸರು. ನಾವು ಓದುವ ಕಾಲದಲ್ಲಿ ಇವನ್ನು ಸಸ್ಯಗಳ ಜೊತೆಗೇ ಸೇರಿಸಿ ಪಾಠ ಹೇಳುತ್ತಿದ್ದರು. 1969ರಲ್ಲಿ ಅಮೆರಿಕದ ವಿಜ್ಞಾನಿ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿ, ಶಿಲೀಂಧ್ರಕ್ಕೆ ಒಂದು ಸಾಮ್ರಾಜ್ಯವನ್ನೇ ಬಿಟ್ಟುಕೊಟ್ಟರು. ವಂಶಾವಳಿ ನೋಡಿದರೆ ಅವು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರಂತೆ. ಜಿರಲೆಯ ಹೊರಕವಚದಲ್ಲಿರುವ ಕೈಟಿನ್ ಎಂಬ ವಸ್ತುವೇ ಅಣಬೆಯ ಜೀವಕೋಶದ ಗೋಡೆಯಲ್ಲೂ ಇದೆ. ಇದನ್ನು ಹೇಳಿದಾಗ ಮೊಮ್ಮಗಳು, "ಛೀ, ಇನ್ಮೇಲೆ ಮಶ್ರೂಮ್ ತಿನ್ನಲ್ಲ" ಎಂದಳು. ಸಂಜೆಯ ಹೊತ್ತಿಗೆ ಮರೆತಿದ್ದಳು.

ಒಂದೇ ರಾತ್ರಿಯಲ್ಲಿ ಹೇಗೆ ಬೆಳೆಯಿತು ಎಂದರೆ, ನಿಜವಾಗಿ ಅದು ಒಂದು ರಾತ್ರಿಯಲ್ಲಿ ಬೆಳೆದದ್ದಲ್ಲ. ನಮಗೆ ಕಾಣುವ ಕೊಡೆ ಮಾವಿನ ಮರದ ಹಣ್ಣಿದ್ದ ಹಾಗೆ. ಮರ ನೆಲದೊಳಗೆ ಇರುತ್ತದೆ. ಆ 'ಮರ' ಅಂದರೆ ಕೂದಲಿಗಿಂತ ತೆಳುವಾದ ಬಿಳಿ ಎಳೆಗಳ ಬಲೆ. ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅದು ಮಣ್ಣಿನೊಳಗೆ ಹರಡುತ್ತ ಇರುತ್ತದೆ. ಮಳೆ ಬಿದ್ದು ತೇವ ಸಿಕ್ಕಾಗ, ಮೊದಲೇ ಸಿದ್ಧವಾಗಿದ್ದ ಮೊಗ್ಗು ನೀರು ಕುಡಿದು ಉಬ್ಬಿ ಮೇಲೆ ಬರುತ್ತದೆ. ಅಮೆರಿಕದ ಒರೆಗಾನ್ ಕಾಡಿನಲ್ಲಿ ಒಂದೇ ಶಿಲೀಂಧ್ರದ ಬಲೆ ಸುಮಾರು 2,400 ಎಕರೆ ನೆಲದಲ್ಲಿ ಹಬ್ಬಿದೆ. ಭೂಮಿಯ ಮೇಲಿನ ಅತಿ ದೊಡ್ಡ ಜೀವಿಗಳಲ್ಲಿ ಅದೂ ಒಂದು.

ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಮಡಿಕೆಗಳಿರುತ್ತವೆ. ಅಲ್ಲಿಂದ ಉದುರುವ ಪುಡಿಯೇ ಬೀಜದ ಕೆಲಸ ಮಾಡುವ ಬೀಜಕಗಳು. ಒಂದೊಂದೂ ಕಣ್ಣಿಗೆ ಕಾಣದಷ್ಟು ಸಣ್ಣದು. ಗಾಳಿ ಎಲ್ಲಿಗೆ ಒಯ್ದರೆ ಅಲ್ಲಿಗೆ ಪಯಣ.

ಬಕಾಸುರನ ಊರಿನಲ್ಲಿ

ಕೈವಾರವೇ ಮಹಾಭಾರತದ ಏಕಚಕ್ರಪುರ ಎಂದು ನಮ್ಮ ಊರಿನ ನಂಬಿಕೆ. ಗಾಡಿಗಟ್ಟಲೆ ಅನ್ನ ಉಣ್ಣುತ್ತಿದ್ದ ಬಕಾಸುರನನ್ನು ಭೀಮ ಕೊಂದದ್ದು ಈ ಬೆಟ್ಟದಲ್ಲೇ ಎಂದು ಅಜ್ಜಿಯರು ಕಥೆ ಹೇಳುತ್ತಾರೆ. ಆ ಬೆಟ್ಟದ ಬುಡದಲ್ಲಿ ಇವತ್ತಿಗೂ ಒಬ್ಬ ಬಕಾಸುರ ಇದ್ದಾನೆ, ಅವನು ಮಾತ್ರ ಸಾಯಬಾರದು ಎಂದು ನಾನು ಮೊಮ್ಮಗಳಿಗೆ ಹೇಳಿದೆ.

ಪ್ರತಿ ವರ್ಷ ಹೊಂಗೆ, ಹುಣಸೆ, ಬೇವು ಎಷ್ಟು ಎಲೆ ಉದುರಿಸುತ್ತವೆ? ಎಷ್ಟು ಕೊಂಬೆ ಮುರಿದು ಬೀಳುತ್ತದೆ? ಅದೆಲ್ಲ ಹಾಗೇ ಉಳಿದಿದ್ದರೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಜೀರ್ಣಿಸಿಕೊಳ್ಳುವುದು ಬಹುಪಾಲು ಜೀವಿಗಳಿಗೆ ಆಗದ ಕೆಲಸ. ಅದನ್ನು ಚೆನ್ನಾಗಿ ಬಲ್ಲದ್ದು ಶಿಲೀಂಧ್ರ. ಸತ್ತ ಮರವನ್ನು ಕರಗಿಸಿ, ಅದರಲ್ಲಿದ್ದ ಸತ್ವವನ್ನು ಮತ್ತೆ ಮಣ್ಣಿನ ಖಾತೆಗೆ ಜಮಾ ಮಾಡುತ್ತದೆ. ಮುಂದಿನ ಗಿಡ ಅದನ್ನೇ ತೆಗೆದು ಖರ್ಚು ಮಾಡುತ್ತದೆ.

ನಾವು ನೋಡಿದ ಹುತ್ತದ ಅಣಬೆಯ ಕಥೆ ಇನ್ನೂ ಸ್ವಾರಸ್ಯ. ಗೆದ್ದಲು ಕಟ್ಟಿದ ಮನೆ ಹಾವಿಗಾಯಿತು ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಆ ಮನೆಯಲ್ಲಿ ಹಾವಿಗಿಂತ ಮೊದಲೇ ಒಬ್ಬ ಒಕ್ಕಲು ಇದ್ದಾನೆ. ನಮ್ಮ ಕಡೆ ಹುತ್ತ ಕಟ್ಟುವ ಗೆದ್ದಲು ಒಣಗಿದ ಎಲೆ, ಕಟ್ಟಿಗೆಯನ್ನು ಅಗಿದು ತಂದು, ಹುತ್ತದೊಳಗಿನ ಕೋಣೆಗಳಲ್ಲಿ ತೂತುತೂತಾದ ಉಂಡೆಗಳಂತೆ ಕಟ್ಟುತ್ತದೆ. ಅದರ ಮೇಲೆ ಒಂದು ಜಾತಿಯ ಶಿಲೀಂಧ್ರವನ್ನು ಬೆಳೆಯುತ್ತದೆ. ಕಟ್ಟಿಗೆಯನ್ನು ಶಿಲೀಂಧ್ರ ಮೆತ್ತಗೆ ಮಾಡುತ್ತದೆ, ಗೆದ್ದಲು ಆ ಶಿಲೀಂಧ್ರವನ್ನೂ ಮೆತ್ತಗಾದ ಉಂಡೆಯನ್ನೂ ತಿನ್ನುತ್ತದೆ. ಮನುಷ್ಯ ರಾಗಿ ಬಿತ್ತಲು ಕಲಿತು ಕೆಲವು ಸಾವಿರ ವರ್ಷ ಆಗಿದೆ. ಗೆದ್ದಲು ಈ ಬೇಸಾಯ ಮಾಡುತ್ತ ಸುಮಾರು 3 ಕೋಟಿ ವರ್ಷ ಆಗಿದೆ! ಆ ತೋಟದ ಬೆಳೆ ಮಳೆಗಾಲದಲ್ಲಿ ಉದ್ದನೆಯ ಕಾಂಡ ಬಿಟ್ಟು ಮಣ್ಣು ಸೀಳಿಕೊಂಡು ಹೊರಗೆ ಬಂದಾಗ ನಮಗೆ ಹುತ್ತದ ಅಣಬೆ ಕಾಣಿಸುತ್ತದೆ.

ಬೇರಿನ ಗೆಳೆಯ, ಕಲ್ಲಿನ ಹೂವು

ಸತ್ತದ್ದನ್ನು ತಿನ್ನುವುದಷ್ಟೇ ಇವುಗಳ ಕೆಲಸವಲ್ಲ. ಬದುಕಿರುವ ಗಿಡದ ಬೇರಿನೊಳಗೇ ಮನೆ ಮಾಡಿಕೊಂಡು ಗೆಳೆತನ ಮಾಡುವ ಶಿಲೀಂಧ್ರಗಳಿವೆ. ಬೇರಿನ ಕೈ ಎಟುಕದ ಕಡೆಗೆ ಇವುಗಳ ಎಳೆ ಹೋಗಿ ರಂಜಕ ಮತ್ತು ನೀರನ್ನು ತಂದುಕೊಡುತ್ತದೆ. ಅದಕ್ಕೆ ಬದಲಾಗಿ ಗಿಡ ಸಕ್ಕರೆ ಕೊಡುತ್ತದೆ. ಭೂಮಿಯ ಮೇಲಿನ ಗಿಡಜಾತಿಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಇಂಥ ಒಪ್ಪಂದ ಮಾಡಿಕೊಂಡಿವೆ. ಇದಕ್ಕೆ ಮೈಕೊರೈಜಾ ಎಂದು ಹೆಸರು. ಬೆಂಗಳೂರಿನ ಜಿ.ಕೆ.ವಿ.ಕೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಡಿ.ಜೆ. ಭಾಗ್ಯರಾಜ್ ಅವರು ಈ ಗೆಳೆತನದ ಮೇಲೆ ದಶಕಗಳ ಕಾಲ ಸಂಶೋಧನೆ ಮಾಡಿದರು. ಬೋರ್‌ವೆಲ್ ಆಳಕ್ಕೆ ಇಳಿಯುತ್ತಲೇ ಇರುವ ನಮ್ಮಂಥ ಒಣ ಸೀಮೆಯಲ್ಲಿ, ನೀರು ಹುಡುಕಿ ಕೊಡುವ ಈ ಕಾಣದ ಕೂಲಿಯಾಳಿನ ಬೆಲೆ ಸಣ್ಣದಲ್ಲ.

ಇನ್ನೊಂದು ಗೆಳೆತನ ನಿಮ್ಮ ಅಡುಗೆಮನೆಯಲ್ಲೇ ಇದೆ. ಮಸಾಲೆ ಡಬ್ಬಿಯಲ್ಲಿ ಚಕ್ಕೆ, ಮೊಗ್ಗಿನ ಜೊತೆಗೆ ಒಣಗಿದ ಚೂರಿನಂತೆ ಕಲ್ಲುಹೂವು ಇರುತ್ತದೆ, ಅಜ್ಜಿಯನ್ನು ಕೇಳಿ ತೋರಿಸಿಕೊಳ್ಳಿ. ಅದು ಹೂವಲ್ಲ. ಶಿಲೀಂಧ್ರವೂ ಪಾಚಿಯೂ ಸೇರಿ ಮಾಡಿದ ಕೂಡುಕುಟುಂಬ, ಅಂದರೆ ಕಲ್ಲುಹೂವು ಒಂದು ಜಾತಿಯ ಲೈಕನ್. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ, ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಕೈವಾರದ ಬೆಟ್ಟದಲ್ಲಾಗಲಿ, ಚಿಂತಾಮಣಿಯ ಅಂಬಾಜಿದುರ್ಗದಲ್ಲಾಗಲಿ ಬಂಡೆಗಳ ಮೇಲೆ ಬೂದು, ಹಸಿರು ಬಣ್ಣದ ಚಟ್ಟೆಚಟ್ಟೆ ಕಲೆಗಳನ್ನು ನೋಡಿದ್ದೀರಲ್ಲ? ಅವೂ ಲೈಕನ್‌ಗಳೇ. ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುತ್ತವೆ. ಬೊಗಸೆಯಗಲದ ಒಂದು ಕಲೆ ನಿಮ್ಮ ತಾತನಿಗಿಂತ ಹಿರಿಯದಾಗಿರಬಹುದು. ದಯವಿಟ್ಟು ಅದರ ಮೇಲೆ ಹೆಸರು ಕೆತ್ತಬೇಡಿ.

ಲೆಡ್ಜರಿನ ಕಥೆ

ಈಗ ಮೊಮ್ಮಗಳ ಮೂರನೆಯ ಪ್ರಶ್ನೆ. ಒಳ್ಳೆಯದೋ, ಕೆಟ್ಟದ್ದೋ?

ಎಂಬತ್ತರ ದಶಕ. ನಮ್ಮದು ಆಗಿನ್ನೂ ಕೋಲಾರ ಜಿಲ್ಲೆ. ನಾನು ಹಳ್ಳಿ ಕಡೆಯ ಒಂದು ಶಾಖೆಯಲ್ಲಿದ್ದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಳ್ಳೆ ರೇಟು ಸಿಕ್ಕಿದ ವಾರ ನಮ್ಮ ಕೌಂಟರಿಗೆ ಸಾಲದ ಕಂತು ಕಟ್ಟಲು ಜನ ಬರುತ್ತಿದ್ದರು. ಹುಳು ಕೆಟ್ಟ ವಾರ ಮುಖ ತೋರಿಸುತ್ತಿರಲಿಲ್ಲ.

ಒಂದು ಚಳಿಗಾಲ, ನಾಲ್ಕೈದು ದಿನದಿಂದ ಮೋಡ, ತುಂತುರು. ಹುಳು ಸಾಕುವ ರೈತರೊಬ್ಬರು ಬಂದು, ಕಾಗದದ ಪೊಟ್ಟಣ ಬಿಚ್ಚಿ ಕೌಂಟರಿನ ಮೇಲಿಟ್ಟರು. ಒಳಗೆ ಬಳಪದ ಚೂರಿನಂತೆ ಬೆಳ್ಳಗೆ, ಗಟ್ಟಿಯಾದ ರೇಷ್ಮೆ ಹುಳು. "ನೋಡಿ ಸಾರ್, ನಾಲ್ಕನೇ ಜ್ವರ ಎದ್ದು ಚೆನ್ನಾಗಿ ಸೊಪ್ಪು ತಿಂತಿದ್ದೋ. ಇನ್ನು ವಾರದಲ್ಲಿ ಹಣ್ಣಾಗ್ತಿದ್ದೋ. ಎಲ್ಲಾ ಹಿಂಗೇ ಆಗೋಯ್ತು. ಯಾರ ಕಣ್ಣು ಬಿತ್ತೋ" ಎಂದರು. ಮ್ಯಾನೇಜರು ಮುಂದಿನ ಬೆಳೆವರೆಗೆ ವಾಯಿದೆ ಕೊಟ್ಟರು. ಕೌಂಟರಿನ ಮೇಲೆ ಉದುರಿದ್ದ ಬಿಳಿ ಪುಡಿಯನ್ನು ನಾನು ಬಾಯಲ್ಲಿ ಉಫ್ ಎಂದು ಊದಿಬಿಟ್ಟೆ. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ಹುಳು ಸಾಕುವವರೇ. ನಾನು ಊದಿದ್ದು ಏನೆಂದು ಗೊತ್ತಾದದ್ದು ಆಮೇಲೆ.

ಮುಂದಿನ ಬೆಳೆಯೂ ಹಾಗೇ ಹೋಯಿತು. ಆ ಮನೆಯ ಹೆಣ್ಣುಮಗಳ ಓಲೆ ನಮ್ಮಲ್ಲಿಗೆ ಅಡವಿಗೆ ಬಂತು. ಚಿನ್ನದ ಸಾಲದ ಪುಸ್ತಕದಲ್ಲಿ ಅದರ ತೂಕ ಬರೆದವನು ನಾನೇ. ಬರಿಯ ಕಿವಿಗೆ ಸೆರಗು ಎಳೆದುಕೊಂಡು ಆಕೆ ಬಾಗಿಲು ದಾಟಿದ್ದು ಇವತ್ತಿಗೂ ನೆನಪಿದೆ.

ಆಮೇಲೆ ರೇಷ್ಮೆ ಇಲಾಖೆಯವರೊಬ್ಬರು ಅವರ ಹುಳು ಮನೆಗೆ ಹೋಗಿ ನೋಡಿದರಂತೆ. ಮೊದಲ ಸಲ ಸತ್ತ ಹುಳುಗಳನ್ನೆಲ್ಲ ಗುಡಿಸಿ ಮನೆಯ ಹಿಂದಿನ ತಿಪ್ಪೆಗೇ ಹಾಕಿದ್ದರು. ತಟ್ಟೆ, ಚಂದ್ರಿಕೆಗಳನ್ನು ಸುಮ್ಮನೆ ಕೊಡವಿ ಮತ್ತೆ ಬಳಸಿದ್ದರು. ಆ ಬಿಳಿ ಪುಡಿ ಸುಣ್ಣವಲ್ಲ, ಶಿಲೀಂಧ್ರದ ಬೀಜಕ! ಒಂದೊಂದು ಹುಳುವಿನ ಮೈಮೇಲೂ ಲೆಕ್ಕವಿಲ್ಲದಷ್ಟು. ಗಾಳಿ ಬೀಸಿದಾಗೆಲ್ಲ ಅದು ತಿಪ್ಪೆಯಿಂದ ಹುಳು ಮನೆಗೆ ಬರುತ್ತಿತ್ತು.

ಮೂರನೇ ಬೆಳೆಗೆ ಮುಂಚೆ ಮನೆಯನ್ನೆಲ್ಲ ತೊಳೆದರು, ತಟ್ಟೆಗಳನ್ನು ಬಿಸಿಲಿಗೆ ಹಾಕಿದರು, ಇಲಾಖೆ ಹೇಳಿದ ಔಷಧ ಸಿಂಪಡಿಸಿದರು. ಒಂದು ಹುಳು ಸಪ್ಪಗಾದರೂ ಎತ್ತಿ ಸುಟ್ಟರು. ಗೂಡು ಕಟ್ಟಿತು. ಅದರ ಮುಂದಿನ ಬೆಳೆಗೆ ಓಲೆ ವಾಪಸು ಹೋಯಿತು. ಬಿಡಿಸಿಕೊಂಡು ಹೋಗುವಾಗ ಆತ ಹೇಳಿದ ಮಾತು: "ಯಾರ ಕಣ್ಣೂ ಅಲ್ಲ ಸಾರ್. ಎರಡನೇ ಸಲದ್ದು ನಾನೇ ಬಿತ್ಕೊಂಡಿದ್ದೆ."

ಇಟಲಿಯ ಸುಣ್ಣ

ನಮ್ಮವರು ಈ ರೋಗಕ್ಕೆ ಸುಣ್ಣಕಟ್ಟು ಎನ್ನುತ್ತಾರೆ. ನಿವೃತ್ತನಾದ ಮೇಲೆ ಇದರ ಬಗ್ಗೆ ಓದುತ್ತ ಹೋದಾಗ ತಿಳಿದ ಸಂಗತಿ ನನ್ನನ್ನು ಬೆರಗುಗೊಳಿಸಿತು. ಇಟಲಿಯ ರೇಷ್ಮೆ ರೈತರೂ ಇದನ್ನು 'ಕಾಲ್ಚಿನಾಚ್ಚೊ' ಎನ್ನುತ್ತಿದ್ದರು. 'ಕಾಲ್ಚಿನಾ' ಎಂದರೆ ಸುಣ್ಣ. ಎಲ್ಲಿಯ ಇಟಲಿ, ಎಲ್ಲಿಯ ಶಿಡ್ಲಘಟ್ಟ! ಎರಡು ಕಡೆಯ ರೈತರೂ ಸತ್ತ ಹುಳುವನ್ನು ಕೈಯಲ್ಲಿ ಹಿಡಿದು ಒಂದೇ ಮಾತು ಹೇಳಿದ್ದರು.

ಅಲ್ಲಿನ ಲೋಡಿ ಪಟ್ಟಣದ ಕಡೆ ಅಗಸ್ಟೀನೊ ಬಾಸ್ಸಿ (1773–1856) ಎಂಬವನಿದ್ದ. ತಂದೆಯ ಇಚ್ಛೆಯಂತೆ ಕಾನೂನು ಓದಿ ಸರ್ಕಾರಿ ನೌಕರಿ ಹಿಡಿದವನು. ಕಣ್ಣಿನ ದೃಷ್ಟಿ ಕೆಟ್ಟು ನೌಕರಿ ಬಿಡಬೇಕಾಯಿತು. ಹಾಗಿದ್ದೂ ಆತ ಸುಮಾರು 25 ವರ್ಷ ಈ ರೋಗದ ಬೆನ್ನು ಹತ್ತಿದ. ಹವೆ ಕೆಟ್ಟದ್ದರಿಂದ, ಸೊಪ್ಪು ಕೆಟ್ಟದ್ದರಿಂದ ರೋಗ ತಾನೇ ಹುಟ್ಟುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಸತ್ತ ಹುಳುವಿನ ಬಿಳಿ ಪುಡಿಯನ್ನು ಆರೋಗ್ಯವಾದ ಹುಳುವಿಗೆ ಸೋಕಿಸಿದರೆ ಅದಕ್ಕೂ ರೋಗ ಬರುತ್ತದೆ ಎಂದು ಬಾಸ್ಸಿ ತೋರಿಸಿಕೊಟ್ಟ. 1835ರಲ್ಲಿ ಪುಸ್ತಕ ಪ್ರಕಟಿಸಿದ. ಕಣ್ಣಿಗೆ ಕಾಣದ ಜೀವಿಯೊಂದು ಪ್ರಾಣಿಯ ರೋಗಕ್ಕೆ ಕಾರಣ ಎಂದು ಮೊದಲು ಸಾಬೀತಾದದ್ದು ಹೀಗೆ. ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ರೇಷ್ಮೆ ಹುಳುವಿನ ಇನ್ನೊಂದು ರೋಗದ ಕೆಲಸ ಕೈಗೆತ್ತಿಕೊಂಡದ್ದು ಇದಾಗಿ 30 ವರ್ಷಕ್ಕೆ, 1865ರಲ್ಲಿ. ನಾವು ಇವತ್ತು ಕೈ ತೊಳೆದು ಊಟಕ್ಕೆ ಕೂರುವ ಹಿಂದಿನ ತಿಳಿವಳಿಕೆಯಲ್ಲಿ ಒಂದು ರೇಷ್ಮೆ ಹುಳುವಿನ ಪಾಲೂ ಇದೆ. ಆ ಶಿಲೀಂಧ್ರಕ್ಕೆ ಬಾಸ್ಸಿಯ ನೆನಪಿಗೆ 'ಬ್ಯುವೇರಿಯಾ ಬಾಸ್ಸಿಯಾನಾ' ಎಂದು ಹೆಸರಿದೆ.

ಅದು ಕೊಲ್ಲುವ ರೀತಿ ಹೀಗೆ: ತಂಪು ಹವೆ, ಹೆಚ್ಚು ತೇವ ಇದ್ದಾಗ ಬೀಜಕ ಹುಳುವಿನ ಚರ್ಮದ ಮೇಲೆ ಮೊಳೆಯುತ್ತದೆ. ಜೀರ್ಣರಸದಿಂದ ಚರ್ಮ ಕರಗಿಸಿ ಒಳಗೆ ಇಳಿಯುತ್ತದೆ. ಕೆಲವು ದಿನಗಳಲ್ಲಿ ಹುಳು ಸತ್ತು ಗಟ್ಟಿಯಾಗುತ್ತದೆ. ಆಮೇಲೆ ಎಳೆಗಳು ಹೊರಬಂದು ಮೈಯೆಲ್ಲ ಬಿಳಿ ಪುಡಿ. ಆದ್ದರಿಂದಲೇ ಮಳೆ, ಚಳಿಗಾಲದಲ್ಲಿ ರೈತರು ಹುಳುವಿನ ಹಾಸಿಗೆಗೆ ಸುಣ್ಣದ ಪುಡಿ ಉದುರಿಸಿ ತೇವ ತೆಗೆಯುತ್ತಾರೆ. ಸುಣ್ಣಕಟ್ಟಿಗೆ ಸುಣ್ಣವೇ ಒಂದು ಕಾವಲು! ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ರೂಪಿಸಿದ 'ವಿಜೇತ'ದಂಥ ಸೋಂಕುನಿವಾರಕ ಪುಡಿಗಳೂ ಈಗ ಸಿಗುತ್ತವೆ.

ಇಷ್ಟು ಕೇಳಿ ಮೊಮ್ಮಗಳು, "ಹಾಗಾದ್ರೆ ಅದು ಕೆಟ್ಟದ್ದೇ" ಎಂದಳು. ಸ್ವಲ್ಪ ತಾಳು ಎಂದೆ. ಇದೇ ಬ್ಯುವೇರಿಯಾವನ್ನು ಕಾಫಿ ಬೆಳೆಗಾರರು ದುಡ್ಡು ಕೊಟ್ಟು ತರುತ್ತಾರೆ. ಕಾಫಿ ಹಣ್ಣು ಕೊರೆಯುವ ಕೀಟವನ್ನೂ ಇದು ಹೀಗೇ ಕೊಲ್ಲುತ್ತದೆ. ವಿಷದ ಔಷಧಿಯ ಖರ್ಚು ತಗ್ಗುತ್ತದೆ. ಅಲ್ಲಿ ಅದು ಮಿತ್ರ, ಹಿಪ್ಪುನೇರಳೆ ತೋಟವಿರುವ ನಮ್ಮ ಊರಿನಲ್ಲಿ ಶತ್ರು. ಆದ್ದರಿಂದ ಹುಳು ಸಾಕುವ ಕಡೆ ಟೊಮ್ಯಾಟೊಗೋ ಹೂವಿಗೋ ಇದನ್ನು ಸಿಂಪಡಿಸಬಾರದು. ಪಕ್ಕದ ಹೊಲದವರಿಗೂ ಹೇಳಿಡಬೇಕು.

ಮನೆಯೊಳಗಿನ ಎರಡು ಮಾತು

ಬೂಷ್ಟಿನಲ್ಲೂ ಹೀಗೆಯೇ ಎರಡು ಬಗೆ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಒಂದು ಹಸಿರು ಬೂಷ್ಟಿನಿಂದ ಪೆನಿಸಿಲಿನ್ ಬಂತು. ನಮ್ಮ ದೇಶದಲ್ಲಿ ಅದನ್ನು ತಯಾರಿಸಲು ಪುಣೆಯ ಹತ್ತಿರ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಶುರುವಾಯಿತು. ಅಲ್ಲಿ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಎಂ.ಜೆ. ತಿರುಮಲಾಚಾರ್ (1914–1999) ನಮ್ಮ ಕರ್ನಾಟಕದವರು, ಶಿಲೀಂಧ್ರ ಶಾಸ್ತ್ರಜ್ಞರು. ಮನುಷ್ಯರಿಗೆ ಬರುವ ಶಿಲೀಂಧ್ರದ ಸೋಂಕನ್ನು ಗುಣಪಡಿಸುವ ಹ್ಯಾಮೈಸಿನ್ ಎಂಬ ಔಷಧ ಅವರ ಕಾಲದಲ್ಲಿ ಅಲ್ಲಿ ಸಿದ್ಧವಾಯಿತು.

ಇನ್ನೊಂದು ಬಗೆಯ ಬೂಷ್ಟು ಕಡಲೆಕಾಯಿಗೆ ಬರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕಿದಾಗ, ಅವುಗಳಿಗೆ ಹಾಕಿದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಬಿಟ್ಟ ವಿಷ ಸಿಕ್ಕಿತು. ಅದರ ಹೆಸರು ಅಫ್ಲಾಟಾಕ್ಸಿನ್. ಲಿವರಿಗೆ ಕೇಡು. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ನಮ್ಮ ಕಾಲದವರಿಗೆ ಏನನ್ನೂ ಬಿಸಾಡಲು ಮನಸ್ಸು ಬರುವುದಿಲ್ಲ. ಬೂಷ್ಟು ಬಂದ ಕಡಲೆಕಾಯಿಯನ್ನು ಉಜ್ಜಿ, ಒರೆಸಿ ಚಟ್ನಿಗೆ ಹಾಕುವ ಅಭ್ಯಾಸ ಮಾತ್ರ ಬಿಡೋಣ. ಚೆನ್ನಾಗಿ ಒಣಗಿಸಿ, ತೇವ ತಾಗದ ಹಾಗೆ ಇಟ್ಟರೆ ಈ ತೊಂದರೆ ಬಹಳ ಕಡಿಮೆ.

ಮಕ್ಕಳಿಗೆ ಒಂದು ಎಚ್ಚರಿಕೆ. ಬಯಲಿನಲ್ಲಿ ಕಂಡ ಅಣಬೆಯನ್ನು ಬಾಯಿಗೆ ಹಾಕಬೇಡಿ. ಹುಳ ತಿಂದಿದ್ದರೆ ವಿಷವಲ್ಲ, ಬೆಳ್ಳಿ ಚಮಚ ಕಪ್ಪಾಗದಿದ್ದರೆ ವಿಷವಲ್ಲ ಎಂಬ ಮಾತುಗಳು ಯಾವುದೂ ನಿಜವಲ್ಲ. ಪ್ರಾಣ ತೆಗೆಯುವ ಅಣಬೆಗಳೂ ನೋಡಲು ಬೆಳ್ಳಗೆ ಚೆಂದವಾಗಿಯೇ ಇರುತ್ತವೆ.

ನೋಡಲೇಬೇಕೆಂದರೆ ಅಂಗಡಿಯಿಂದ ಚಿಪ್ಪಣಬೆ ತನ್ನಿ. ಮಡಿಕೆಯ ಭಾಗ ಕೆಳಗಾಗುವಂತೆ ಕಪ್ಪು ಕಾಗದದ ಮೇಲಿಟ್ಟು, ಮೇಲೊಂದು ಬಟ್ಟಲು ಕವುಚಿ. ಮಾರನೇ ದಿನ ಬಟ್ಟಲು ಎತ್ತಿ, ಅಣಬೆಯನ್ನು ಮೆಲ್ಲಗೆ ತೆಗೆಯಿರಿ. ಕಾಗದದ ಮೇಲೆ ಬಿಳಿ ಗೆರೆಗಳ ರಂಗೋಲಿ ಇರುತ್ತದೆ. ಒಂದೊಂದು ಗೆರೆಯಲ್ಲೂ ಸಾವಿರಾರು ಬೀಜಕಗಳು. ಅದನ್ನು ಊದಬೇಡಿ. ತಾತ ಒಮ್ಮೆ ಊದಿದ್ದು ಸಾಕು.

ಮೊಮ್ಮಗಳೂ ಅದನ್ನೇ ಮಾಡಿದಳು. ಊರಿಗೆ ಹೊರಡುವ ದಿನ ಆ ಕಾಗದವನ್ನು ಜೋಪಾನವಾಗಿ ಪುಸ್ತಕದೊಳಗೆ ಇಟ್ಟುಕೊಂಡಳು. ಬಸ್ಸು ಹತ್ತುವ ಮುಂಚೆ ಹುತ್ತದ ಹತ್ತಿರ ಇನ್ನೊಮ್ಮೆ ಹೋಗಿ ಬಂದೆವು. ಕೊಡೆಗಳೆಲ್ಲ ಕಪ್ಪಾಗಿ ಮಣ್ಣಿಗೆ ಅಂಟಿಹೋಗಿದ್ದವು.

"ಸತ್ತೋಯ್ತಾ ತಾತ?"

"ಹಣ್ಣು ಉದುರಿತು ಅಷ್ಟೆ. ಮರ ಒಳಗಿದೆ. ಮುಂದಿನ ವರ್ಷ ಮಳೆ ಬಂದಾಗ ಬಾ, ಮತ್ತೆ ನೋಡೋಣ."